ಕಟ್ಟಿದ ಕಂತಿಗೆ ಬಂದ ಬಾಕಿ: ಗೂಡ್ಸ್ ಗಾಡಿಯ ಖಾತೆಯಲ್ಲಿ 7,790 ರೂಪಾಯಿ ಅಳಿಸಿದ ನನ್ನ ಅನುಭವ

ಗುಳೇದಗುಡ್ಡದ ನೇಕಾರರ ಮನೆಗಳಿಂದ ಖಣದ ಗಂಟುಗಳನ್ನು ಬಾಗಲಕೋಟೆ ಪೇಟೆಗೆ ತರುವುದು, ಹೋಗುವಾಗ ನೂಲು ಒಯ್ಯುವುದು ನನ್ನ ಗೂಡ್ಸ್ ಗಾಡಿಯ ಕೆಲಸ. ಗಾಡಿ ತೆಗೆದುಕೊಂಡದ್ದು ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ, ಬಾಡಿಗೆ-ಖರೀದಿ ಒಪ್ಪಂದದ ಮೇಲೆ. ತಿಂಗಳಿಗೆ 7,450 ರೂಪಾಯಿಯಂತೆ 36 ಕಂತು, ಮೊದಲನೆಯದು 2022ರ ಜೂನ್ 5ಕ್ಕೆ. 2025ರ ಜನವರಿ ಕೊನೆಯಲ್ಲಿ ವಸೂಲಿಯ ಹುಡುಗನೊಬ್ಬ ನಾನು ಗಾಡಿ ನಿಲ್ಲಿಸುವ ಜಾಗಕ್ಕೇ ಬಂದ. "ಅಣ್ಣಾ, ನಿಮ್ಮದು 7,790 ಬಾಕಿ ಇದೆ, ಎರಡನೆಯ ಕಂತಿಗೆ ಬಿದ್ದಿದೆ. ಕಟ್ಟಿಬಿಡಿ, ಇಲ್ಲದಿದ್ದರೆ ಗಾಡಿ ಎತ್ತಲು ಮೇಲಿನಿಂದ ಆದೇಶ ಬರುತ್ತದೆ" ಎಂದ. ಪ್ರತಿ ತಿಂಗಳ ಕಂತಿಗೂ ಕಡಿತವಾದ ಸಂದೇಶವೋ ಕಟ್ಟಿದ ರಸೀದಿಯೋ ನನ್ನ ಬಳಿ ಇತ್ತು. ಒಂದು ತಿಂಗಳೂ ತಪ್ಪಿರಲಿಲ್ಲ.

ಆ ಹುಡುಗನೊಡನೆ ಜಗಳವಾಡಿ ಪ್ರಯೋಜನವಿಲ್ಲ. ಅವನ ಕೈಯಲ್ಲಿರುವುದು ಹೆಸರು ಮತ್ತು ಮೊತ್ತ ಬರೆದ ಒಂದು ಪಟ್ಟಿ ಮಾತ್ರ. ಆ ಮೊತ್ತ ಹೇಗೆ ಬಂತೆಂದು ಅವನಿಗೆ ಗೊತ್ತಿರುವುದಿಲ್ಲ, ಅದನ್ನು ತಿದ್ದುವ ಅಧಿಕಾರವೂ ಅವನಿಗಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ಬಾಕಿಯನ್ನು ನಾನು ಒಪ್ಪಿಲ್ಲ, ಲೆಕ್ಕ ಕೇಳಿ ಬರೆದುಕೊಡುತ್ತೇನೆ. ಮರುದಿನ ರಾತ್ರಿ ಎಂಟೂವರೆಗೆ ಮತ್ತೆ ಕರೆ ಬಂತು. ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸ್ಪಷ್ಟವಾಗಿ ಹೇಳಿದೆ. ಕರೆ ಬಂದ ಹೊತ್ತನ್ನೂ ನಂಬರನ್ನೂ ಬರೆದಿಟ್ಟುಕೊಂಡೆ. ಮುಂದೆ ಅದು ಕೆಲಸಕ್ಕೆ ಬಂತು.

ಮೊದಲು ಓದಬೇಕಾದದ್ದು ಒಪ್ಪಂದ. ಬಾಡಿಗೆ-ಖರೀದಿಯಲ್ಲಿ ಕೊನೆಯ ಕಂತು ಸಲ್ಲುವವರೆಗೆ ಗಾಡಿ ಕಂಪನಿಯದು, ನಾವು ಅದನ್ನು ಬಳಸುವ ಬಾಡಿಗೆದಾರರು. ನಮ್ಮಲ್ಲಿ ಸಾಲದ ಗಾಡಿಗಳಿಗೆಲ್ಲ 'ಎಚ್‌ಪಿ ಇದೆ' (ಹೈರ್ ಪರ್ಚೇಸ್, ಅಂದರೆ ಬಾಡಿಗೆ-ಖರೀದಿ) ಎನ್ನುವುದು ರೂಢಿ. ಆದರೆ ಬಹಳಷ್ಟು ಗಾಡಿಗಳಲ್ಲಿ ಒಡೆತನ ನಮ್ಮದೇ ಆಗಿದ್ದು, ಗಾಡಿ ಬರೀ ಆಧಾರವಾಗಿರುತ್ತದೆ. ತಮ್ಮದು ಯಾವುದೆಂದು ಕಾಗದ ತೆಗೆದು ನೋಡಿಯೇ ತಿಳಿಯಬೇಕು. ಬಾಡಿಗೆ-ಖರೀದಿಗೆಂದು 1972ರಲ್ಲಿ ಒಂದು ಕಾಯ್ದೆ ಆಗಿತ್ತು, ಅದು ಜಾರಿಗೇ ಬರಲಿಲ್ಲ. ಹಾಗಾಗಿ ಒಪ್ಪಂದದಲ್ಲಿ ಬರೆದ ಸಾಲುಗಳ ತೂಕ ದೊಡ್ಡದು. ಗಾಡಿ ವಶಕ್ಕೆ ತೆಗೆದುಕೊಳ್ಳುವ ಮುನ್ನ ಎಷ್ಟು ದಿನದ ನೋಟಿಸ್ ಕೊಡಬೇಕು, ಮಾರುವ ಮುನ್ನ ಕಟ್ಟಲು ಕೊನೆಯ ಅವಕಾಶ ಹೇಗೆ ಎಂಬುದೆಲ್ಲ ಒಪ್ಪಂದದಲ್ಲಿ ಇರಲೇಬೇಕು. ಇದೂ ರಿಸರ್ವ್ ಬ್ಯಾಂಕಿನ ನಿಯಮ. ನನ್ನ ಒಪ್ಪಂದದಲ್ಲಿ ಅದು ಇತ್ತು, ನನಗೆ ನೋಟಿಸ್ ಬಂದಿರಲಿಲ್ಲ. ಅದನ್ನು ಓದಿದ ರಾತ್ರಿ ನಿದ್ದೆ ಬಂತು.

ನಂತರ ಶಾಖೆಗೆ ಹೋಗಿ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿದೆ. ಮೊದಲು ಕೊಟ್ಟದ್ದು ಅರ್ಧ ಹಾಳೆಯ ಸಾರಾಂಶ: ಒಟ್ಟು ಬಾಕಿ ಇಷ್ಟು, ಕಟ್ಟಬೇಕಾದ ದಿನ ಇಷ್ಟು. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲ ದಿನದಿಂದ ಇಂದಿನವರೆಗೆ ಬಂದ ಪ್ರತಿ ರೂಪಾಯಿ ಯಾವ ಬಾಬಿಗೆ ಜಮೆಯಾಯಿತು, ಯಾವ ಶುಲ್ಕ ಯಾವ ದಿನ ಬಿತ್ತು ಎಂದು ಸಾಲುಸಾಲಾಗಿ ತೋರಿಸುವ ಪಟ್ಟಿಯೇ ಬೇಕೆಂದು ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಪಟ್ಟಿ ಬಂತು. ಮನೆಯಲ್ಲಿ ಪಾಸ್‌ಬುಕ್ಕನ್ನು ಅದರ ಪಕ್ಕಕ್ಕಿಟ್ಟು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಿಂಗಳು ತಿಂಗಳಿಗೆ ತಾಳೆ ನೋಡಿದೆ. ಹದಿಮೂರು ಕಂತು ಸರಿಯಾಗಿದ್ದವು. ಹದಿನಾಲ್ಕನೆಯದರಲ್ಲಿ, ಅಂದರೆ 2023ರ ಜುಲೈನಲ್ಲಿ, ಲೆಕ್ಕ ಕೆಟ್ಟಿತ್ತು.

ಆ ತಿಂಗಳು ನನಗೆ ನೆನಪಿತ್ತು. ಜುಲೈ 5ಕ್ಕೆ ಕಂತು ಕಡಿತವಾದ ಸಂದೇಶ ಬರಲಿಲ್ಲ. ಎರಡು ದಿನ ನೋಡಿ ಶಾಖೆಗೆ ಹೋದಾಗ, "ನಮ್ಮ ಕಂಪ್ಯೂಟರಿನಲ್ಲಿ ತೊಂದರೆಯಾಗಿದೆ, ಈ ತಿಂಗಳದ್ದು ನಗದು ಕಟ್ಟಿಬಿಡಿ" ಎಂದಿದ್ದರು. 7ನೇ ತಾರೀಖು 7,450 ಕಟ್ಟಿದೆ, ರಸೀದಿ ನನ್ನ ಬಳಿ ಇದೆ. ಪಟ್ಟಿಯಲ್ಲಿ ಮಾತ್ರ ಜುಲೈ 6ಕ್ಕೆ 'ಬೌನ್ಸ್ ಶುಲ್ಕ 590' ಎಂಬ ಸಾಲು ಕುಳಿತಿತ್ತು, ಅಂದರೆ ಕಡಿತದ ಬೇಡಿಕೆ ಹಣ ಸಿಗದೆ ವಾಪಸಾಯಿತೆಂದು ಹಾಕುವ ದಂಡ. ಮರುದಿನ ನಾನು ಕಟ್ಟಿದ 7,450ರಲ್ಲಿ ಮೊದಲು ಆ 590ನ್ನು ಕಳೆದು, ಉಳಿದ 6,860ನ್ನು ಕಂತಿಗೆ ಜಮಾ ಮಾಡಿದ್ದರು. ಆಗ ಕಂತಿನಲ್ಲಿ 590 ಕೊರತೆ. ಕೊರತೆ ಇದ್ದದ್ದರಿಂದ ಆಗಸ್ಟ್‌ನಲ್ಲಿ ತಡ ಪಾವತಿ ಶುಲ್ಕ 400. ಆಗಸ್ಟ್ ಕಂತಿನ 7,450 ಪೂರ್ತಿ ಬಂದರೂ ಅದರಲ್ಲಿ ಮೊದಲು ಶುಲ್ಕಕ್ಕೆ 400, ಉಳಿದದ್ದು ಕಂತಿಗೆ. ಕೊರತೆ 990ಕ್ಕೆ ಏರಿತು. ಸೆಪ್ಟೆಂಬರಿನಲ್ಲಿ ಮತ್ತೆ 400, ಕೊರತೆ 1,390. ಹೀಗೆ ಹದಿನೆಂಟು ತಿಂಗಳು. 590ಕ್ಕೆ 7,200 ಸೇರಿ 7,790. 2025ರ ಜನವರಿಯಲ್ಲಿ ಕೊರತೆ ಒಂದು ಪೂರ್ತಿ ಕಂತನ್ನು ದಾಟಿದ ಕೂಡಲೇ ಗಣಕ ನನ್ನನ್ನು ಎರಡು ಕಂತು ಬಾಕಿಯವನೆಂದು ಎಣಿಸಿ ವಸೂಲಿ ಪಟ್ಟಿಗೆ ಸೇರಿಸಿತ್ತು. ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದದ್ದನ್ನು ನೋಡದೆ ನೇಯುತ್ತ ಹೋದರೆ ಗಜಗಟ್ಟಲೆ ಬಟ್ಟೆಯಲ್ಲಿ ಅದೇ ಗೆರೆ ಓಡುತ್ತದೆ, ಇಲ್ಲೂ ಆದದ್ದು ಅದೇ.

ಹಾಗಾಗಿ ಹದಿನೆಂಟು ಶುಲ್ಕಗಳ ಬಗ್ಗೆ ಬೇರೆ ಬೇರೆ ವಾದ ಮಾಡಲು ನಾನು ಹೋಗಲಿಲ್ಲ. ಆ 590 ಬಿದ್ದದ್ದೇ ತಪ್ಪು ಎಂದು ತೋರಿಸಿದರೆ ಉಳಿದದ್ದಕ್ಕೆ ಬುಡವೇ ಇರುವುದಿಲ್ಲ.

ಬೌನ್ಸ್ ನಿಜವಾಗಿ ಆಗಿದ್ದರೆ ನನ್ನ ಬ್ಯಾಂಕಿನಲ್ಲೂ ಅದರ ಗುರುತು ಇರಬೇಕು: ಕಡಿತದ ಬೇಡಿಕೆ ಬಂದು ವಾಪಸಾದ ದಾಖಲೆ, ಸಾಮಾನ್ಯವಾಗಿ ಬ್ಯಾಂಕೂ ಹಾಕುವ ಒಂದು ಶುಲ್ಕ. ಪಾಸ್‌ಬುಕ್ಕಿನಲ್ಲಿ ಎರಡೂ ಇರಲಿಲ್ಲ. ಆ ದಿನ ಖಾತೆಯಲ್ಲಿ ಕಂತಿಗಿಂತ ಹೆಚ್ಚೇ ಹಣವಿತ್ತು. ಬ್ಯಾಂಕಿನ ಮೇಡಂ ಅವರಿಗೆ ಕಂತು ಕಡಿತಕ್ಕೆ ನಾನು ಕೊಟ್ಟಿದ್ದ ಒಪ್ಪಿಗೆಯ, ಅಂದರೆ ಮ್ಯಾಂಡೇಟಿನ, ನಂಬರ್ ಕೊಟ್ಟು, 2023ರ ಜುಲೈ ಮೊದಲ ವಾರದಲ್ಲಿ ಈ ಮ್ಯಾಂಡೇಟಿನ ಮೇಲೆ ಬೇಡಿಕೆ ಬಂದಿತ್ತೇ ಎಂದು ಅರ್ಜಿಯಲ್ಲಿ ಕೇಳಿದೆ. ಅವರು ಬ್ಯಾಂಕಿನ ಹಾಳೆಯ ಮೇಲೆ ಸಹಿ, ಸೀಲು ಹಾಕಿ ಎರಡೇ ಸಾಲು ಬರೆದುಕೊಟ್ಟರು: ಆ ಅವಧಿಯಲ್ಲಿ ಯಾವ ಬೇಡಿಕೆಯೂ ಸ್ವೀಕೃತವಾಗಿಲ್ಲ, ಯಾವುದೂ ಹಿಂದಿರುಗಿಲ್ಲ. ಇಡೀ ತಕರಾರಿನಲ್ಲಿ ಇದಕ್ಕಿಂತ ಬಲವಾದ ಕಾಗದ ಬೇರೆ ಇರಲಿಲ್ಲ. ಇಂಥ ಬಾಕಿ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ, ವಕೀಲರ ಮನೆಗೆ ಹೋಗುವ ಮುನ್ನ ನಿಮ್ಮ ಬ್ಯಾಂಕಿಗೆ ಹೋಗಿ.

ತಕರಾರು ಅರ್ಜಿಯನ್ನು ಕನ್ನಡದಲ್ಲೇ ಬರೆದೆ, ಒಂದೇ ಪುಟ. ರಸೀದಿ, ಬ್ಯಾಂಕಿನ ಪತ್ರ, ಪಾಸ್‌ಬುಕ್ಕಿನ ಆ ಪುಟ ಲಗತ್ತು. ಜೊತೆಗೆ ಇನ್ನೊಂದು ಅಂಶ ಸೇರಿಸಿದೆ. ದಂಡ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿದೆ. ದಂಡ ಶುಲ್ಕ ಆದ ತಪ್ಪಿಗೆ ತಕ್ಕಷ್ಟೇ ಇರಬೇಕು, ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು, ಶುಲ್ಕ ಹಾಕಿದಾಗಲೆಲ್ಲ ಕಾರಣ ಸಹಿತ ಗ್ರಾಹಕನಿಗೆ ತಿಳಿಸಬೇಕು ಎನ್ನುತ್ತದೆ ಅದು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ, ಹಳೆಯವಕ್ಕೆ ತಡವೆಂದರೆ ಅದೇ ವರ್ಷದ ಜೂನ್ 30ರೊಳಗೆ ಅನ್ವಯ. ನನ್ನದು ಹಳೆಯ ಖಾತೆ. ಆದ್ದರಿಂದ 2024ರ ಜುಲೈನಿಂದ ಬಿದ್ದ ಏಳು ಶುಲ್ಕಗಳನ್ನು, ಅಂದರೆ 2,800 ರೂಪಾಯಿಯನ್ನು, ಬೇರೆ ಮಾಡಿ ತೋರಿಸಿ, ಇವುಗಳಲ್ಲಿ ಒಂದರ ಬಗ್ಗೆಯೂ ನನಗೆ ತಿಳಿಸಿಲ್ಲ ಎಂದು ಬರೆದೆ. ನಿಯಮವನ್ನು ಅದು ಅನ್ವಯಿಸುವಲ್ಲಿ ಮಾತ್ರ ಹಿಡಿದರೆ ಎದುರಿನವರಿಗೆ ಜಾರಿಕೊಳ್ಳಲು ಸಂದು ಸಿಗುವುದಿಲ್ಲ.

ಅರ್ಜಿ ಶಾಖೆಗೆ ಒಂದು, ಕಂಪನಿಯ ಮುಖ್ಯ ಕಚೇರಿಯ ಕುಂದುಕೊರತೆ ಅಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಒಂದು. ಆ ಅಧಿಕಾರಿಯ ಹೆಸರು, ವಿಳಾಸ ಪ್ರತಿ ಶಾಖೆಯ ಗೋಡೆಯ ಮೇಲೂ ಕಾಣುವಂತೆ ಇರಬೇಕು. ನಮ್ಮಲ್ಲಿ ಅದು ಕ್ಯಾಲೆಂಡರಿನ ಹಿಂದೆ ಇತ್ತು. ಇಷ್ಟರ ನಡುವೆ ಫೆಬ್ರವರಿ, ಮಾರ್ಚ್ ಕಂತುಗಳನ್ನು ಒಂದು ದಿನವೂ ತಪ್ಪಿಸಲಿಲ್ಲ. ತಕರಾರು ಇರುವುದು ಶುಲ್ಕದ ಮೇಲೆ, ಕಂತಿನ ಮೇಲಲ್ಲ. ಸಿಟ್ಟಿನಲ್ಲಿ ಕಂತು ನಿಲ್ಲಿಸಿದ್ದರೆ ಸುಳ್ಳು ಬಾಕಿಯನ್ನು ನಾನೇ ನಿಜ ಮಾಡಿದಂತೆ ಆಗುತ್ತಿತ್ತು.

ಮೂರು ವಾರಕ್ಕೆ ಉತ್ತರ ಬಂತು. ಬೌನ್ಸ್ ಶುಲ್ಕ ನಿಯಮದಂತೆ ಸರಿಯಿದೆ, ಆದರೂ 'ಸೌಹಾರ್ದದಿಂದ' 3,600 ಬಿಡುತ್ತೇವೆ, 4,190 ಕಟ್ಟಿ ಸೆಟಲ್‌ಮೆಂಟ್ ಮಾಡಿಕೊಳ್ಳಿ ಎಂದಿತ್ತು. ಬ್ಯಾಂಕಿನ ಪತ್ರದ ಬಗ್ಗೆ ಒಂದು ಮಾತೂ ಇರಲಿಲ್ಲ. ಮನೆಯಲ್ಲಿ ಎಲ್ಲರೂ, "ಹೋಗಲಿ, ಕೊಟ್ಟು ಮುಗಿಸಿಬಿಡು" ಎಂದರು. ನಾನು ಒಪ್ಪಲಿಲ್ಲ. 4,190 ನನಗೆ ಹದಿನೈದು ದಿನದ ಡೀಸೆಲ್, ಅದು ಒಂದು ಕಾರಣ. ಇನ್ನೊಂದು ಕಾರಣ ದೊಡ್ಡದು. ಖಾತೆ 'ಸೆಟಲ್ಡ್' ಎಂದು ಸಾಲದ ಇತಿಹಾಸದಲ್ಲಿ ದಾಖಲಾದರೆ, ಕೊಡಬೇಕಾದದ್ದನ್ನು ಪೂರ್ತಿ ಕೊಡದೆ ರಾಜಿ ಮಾಡಿಕೊಂಡವನು ಎಂದೇ ಮುಂದಿನ ಬ್ಯಾಂಕು ಓದುತ್ತದೆ. ಎಲ್ಲ ಕಂತು ಕಟ್ಟಿದವನಿಗೆ ಸಲ್ಲಬೇಕಾದದ್ದು 'ಕ್ಲೋಸ್ಡ್' ಎಂಬ ಪದ.

ಕಂಪನಿ ದೂರನ್ನು ತಿರಸ್ಕರಿಸಿದರೆ, ಅದರ ಉತ್ತರ ಸಮಾಧಾನ ತರದಿದ್ದರೆ ಅಥವಾ 30 ದಿನ ಕಳೆದರೂ ಉತ್ತರವೇ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರ್ 12ರಿಂದ ಇದಕ್ಕೆ ದೇಶಕ್ಕೆಲ್ಲ ಒಂದೇ ಯೋಜನೆ ಬಂದಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಜಾಲತಾಣದಲ್ಲೂ ದೂರು ಕೊಡಬಹುದು, ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಅಂಚೆಯ ದೂರು ಯಾವ ಭಾಷೆಯಲ್ಲಿದ್ದರೂ ಸಲ್ಲುತ್ತದೆ. ನಾನು ಮೊದಲು ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಿಕೊಂಡು, ಅದೇ ಒಂದು ಪುಟದ ಅರ್ಜಿ, ಕಂಪನಿಯ ಉತ್ತರ, ರಾತ್ರಿಯ ಕರೆಯ ವಿವರ ಎಲ್ಲವನ್ನೂ ಅಂಚೆಗೆ ಹಾಕಿದೆ. ಅದೂ ಆಗದಿದ್ದರೆ ನವನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ತಯಾರಿದ್ದೆ. ಅದರ ಅಗತ್ಯ ಬೀಳಲಿಲ್ಲ.

ದೂರು ಕಂಪನಿಗೆ ತಲುಪಿದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಮುಖ್ಯ ಕಚೇರಿಯಿಂದಲೇ ಕರೆ ಬಂತು. ಆ ಜುಲೈನಲ್ಲಿ ತಮ್ಮ ಕಡೆಯಿಂದ ಬೇಡಿಕೆಯೇ ಹೋಗಿರಲಿಲ್ಲ ಎಂದು ಒಪ್ಪಿದರು. 590 ಮತ್ತು ಅದರ ಹಿಂದೆ ಬಂದ ಎಲ್ಲ ಶುಲ್ಕ ರದ್ದು ಎಂದು ಬರೆದ ಪತ್ರ ಬಂತು, ಫೆಬ್ರವರಿ ಮತ್ತು ನಂತರದ ತಿಂಗಳುಗಳಲ್ಲಿ ಬಿದ್ದವೂ ಅದರಲ್ಲಿ ಸೇರಿದ್ದವು. ಪತ್ರದಲ್ಲಿ ಮೊತ್ತ, ದಿನಾಂಕ, ಖಾತೆ ನಂಬರ್ ಮೂರೂ ಇವೆಯೇ ಎಂದು ನೋಡಿ, ಹೊಸ ಸ್ಟೇಟ್‌ಮೆಂಟಿನಲ್ಲಿ ಸೊನ್ನೆ ಕಂಡ ಮೇಲೆಯೇ ದೂರು ಬಗೆಹರಿಯಿತೆಂದು ಒಪ್ಪಿದೆ. ಬಾಯಿಮಾತಿನ ಮೇಲೆ ಒಪ್ಪಿಬಿಡುವವರನ್ನು ಬಹಳ ನೋಡಿದ್ದೇನೆ, ಅವರ ಬಾಕಿ ಮತ್ತೆ ತಲೆ ಎತ್ತುತ್ತದೆ.

ಮೇ ತಿಂಗಳಲ್ಲಿ ಕೊನೆಯ ಕಂತು ಮುಗಿಯಿತು. ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಕಂಪನಿಯ ಪತ್ರ) ಮತ್ತು ಒಪ್ಪಂದ ಮುಗಿಯಿತೆಂದು ತಿಳಿಸುವ ಫಾರಂ 35ರ ಎರಡು ಪ್ರತಿ ಪಡೆದು, ಚಾಸಿ ನಂಬರ್ ತಾಳೆ ನೋಡಿ, ಆರ್‌ಟಿಒದಲ್ಲಿ ಆರ್‌ಸಿಯ ಮೇಲಿನ ಎಚ್‌ಪಿ ತೆಗೆಸಿದೆ. ಕೊನೆಗೆ ಉಳಿದದ್ದು ಸಾಲದ ವರದಿ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಸಾಲದ ಇತಿಹಾಸ ದಾಖಲಿಸುವ ಪ್ರತಿ ಸಂಸ್ಥೆಯೂ ಉಚಿತವಾಗಿ ಕೊಡಬೇಕು. ನಾನು ತೆಗೆದ ವರದಿಯಲ್ಲಿ ಆ ತಿಂಗಳುಗಳ ಎದುರು ತಡವಾದ ದಿನಗಳ ಸಂಖ್ಯೆ ಹಾಗೆಯೇ ಇತ್ತು, ಕಂಪನಿ ತನ್ನ ಪುಸ್ತಕ ತಿದ್ದಿಕೊಂಡು ಅಲ್ಲಿಗೆ ತಿಳಿಸಿರಲಿಲ್ಲ. ರದ್ದತಿಯ ಪತ್ರ ಲಗತ್ತಿಸಿ ಅಲ್ಲೂ ತಕರಾರು ಹಾಕಿದೆ. 30 ದಿನದಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿಯ ಕೊನೆಯ ಸಾಲಿನಲ್ಲಿ ಅದನ್ನು ಬರೆದಿದ್ದೆ. ಅವಧಿಯೊಳಗೇ ತಿದ್ದುಪಡಿಯಾಯಿತು, ಖಾತೆಯ ಮುಂದೆ 'ಕ್ಲೋಸ್ಡ್' ಎಂದು ಬಂತು.