ವೈಫೈ ಪ್ರಿಂಟರ್ ಕೊಳ್ಳುವ ಮುನ್ನ: ಕಲಬುರಗಿ ಬಿಸಿಲಿಗೆ ತಾಳುವುದನ್ನು ಆರಿಸುವುದು ಹೇಗೆ?

ಕಾಲೇಜು ಸೇರಲು 371(ಜೆ) ಪ್ರಮಾಣಪತ್ರದ ನಕಲು, ಬೆಳೆ ಸಾಲಕ್ಕೆ ಪಹಣಿ, ಮಕ್ಕಳಿಗೆ ಪ್ರಾಜೆಕ್ಟ್ ಹಾಳೆ, ಎಲ್ಲದಕ್ಕೂ ಆಧಾರ್. ಸುಡುಬಿಸಿಲಲ್ಲಿ ಸೂಪರ್ ಮಾರ್ಕೆಟ್ ತನಕ ಝೆರಾಕ್ಸ್‌ಗೆ ಓಡುವ ಬದಲು, ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಮಾಡುವ ಇಂಕ್‌ಜೆಟ್ (ಹಾಳೆಯ ಮೇಲೆ ಇಂಕು ಚಿಮ್ಮಿಸಿ ಮುದ್ರಿಸುವ ಪ್ರಿಂಟರ್) ಮನೆಯಲ್ಲೇ ಇದ್ದರೆ ಅನುಕೂಲ ಅಲ್ವಾ? ಆದರೆ ಡಬ್ಬಿಯ ಮೇಲಿನ ಬೆಲೆ ನೋಡಿ ಕೊಳ್ಳಬೇಡಿ. ಹೀಗೆ ಪರೀಕ್ಷಿಸಿ ಕೊಳ್ಳಿ.

ಮೊದಲು ನಿಮ್ಮ ಹಾಳೆ ಎಣಿಸಿ

ತಿಂಗಳಿಗೆ ಎಷ್ಟು ಪುಟ, ಅದರಲ್ಲಿ ಕಲರ್ ಎಷ್ಟು ಎಂದು ಅಂದಾಜು ಮಾಡಿ. ಎರಡು ತಿಂಗಳಿಗೊಮ್ಮೆ ನಾಲ್ಕು ಕಪ್ಪು-ಬಿಳುಪು ಪುಟ ತೆಗೆಯುವ ಮನೆಗೆ ಇಂಕ್‌ಜೆಟ್ ಬೇಡವೇ ಬೇಡ. ಸುಮ್ನೆ ನಿಂತರೆ ಇಂಕು ಒಣಗುತ್ತದೆ. ಟ್ಯೂಷನ್ ನಡೆಸುವವರು, ದಾಲ್ ಮಿಲ್ ಆಫೀಸಿನವರು, ವಕೀಲರು ವಾರವೂ ಮುದ್ರಿಸುತ್ತಾರೆ. ಅಂಥವರಿಗೆ ಇದು ಸರಿಯಾದ ಯಂತ್ರ. ಕರೆಂಟು ಹೋದಾಗಲೂ ಲಾಭವಿದೆ: ಮುದ್ರಿಸುವಾಗ ಇಂಕ್‌ಜೆಟ್ ಎಳೆಯುವುದು ಸಾಮಾನ್ಯವಾಗಿ 10ರಿಂದ 20 ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರ್ ಸಾಕು. ಲೇಸರ್ ಪ್ರಿಂಟರ್ ನೂರಾರು ವ್ಯಾಟ್ ಎಳೆಯುತ್ತದೆ.

ಪುಟಕ್ಕೆ ಎಷ್ಟು ಬೀಳುತ್ತದೆ?

ಇಡೀ ಆಯ್ಕೆ ನಿಂತಿರುವುದು ಈ ಲೆಕ್ಕದ ಮೇಲೆ. ಇಂಕಿನ ಬೆಲೆಯನ್ನು ಅದು ಕೊಡುವ ಪುಟಗಳಿಂದ ಭಾಗಿಸಿ. ಉದಾಹರಣೆಗೆ, 800 ರೂಪಾಯಿಯ ಕಾರ್ಟ್ರಿಜ್ 160 ಪುಟ ಕೊಟ್ಟರೆ ಪುಟಕ್ಕೆ 5 ರೂಪಾಯಿ. 400 ರೂಪಾಯಿಯ ಇಂಕ್ ಬಾಟಲಿ 4,000 ಪುಟ ಕೊಟ್ಟರೆ ಪುಟಕ್ಕೆ 10 ಪೈಸೆ. ಹೀಗೆ ಬಾಟಲಿಯಿಂದ ಇಂಕು ತುಂಬಿಸುವ ಟ್ಯಾಂಕ್ ಇರುವ ಪ್ರಿಂಟರ್‌ಗೆ ಮೊದಲೇ ಜಾಸ್ತಿ ಕೊಟ್ಟರೂ, ವಾರವೂ ಮುದ್ರಿಸುವವರಿಗೆ ಅದು ಬೇಗ ವಸೂಲಾಗುತ್ತದೆ. ನನ್ನ ಸಲಹೆ ಟ್ಯಾಂಕಿನದೇ.

ಡಬ್ಬಿಯ ಮೇಲಿನ ಪುಟಗಳ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಅದನ್ನು ಅಳೆಯಲು ಐಎಸ್‌ಒ 24711 ಎಂಬ ವಿಧಾನವಿದೆ. ಐದು ಪುಟಗಳ ಗೊತ್ತಾದ ಒಂದು ಮಾದರಿಯನ್ನು ಇಂಕು ಮುಗಿಯುವ ತನಕ ಮುದ್ರಿಸುತ್ತಲೇ ಹೋಗುತ್ತಾರೆ. ಮನೆಯಲ್ಲಿ ನಾವು ಆಗೊಂದು ಈಗೊಂದು ಪುಟ ತೆಗೆಯುತ್ತೇವೆ, ನಡುವೆ ಹೆಡ್ (ಇಂಕು ಚಿಮ್ಮಿಸುವ ಭಾಗ) ಕ್ಲೀನಿಂಗ್‌ಗೂ ಇಂಕು ಹೋಗುತ್ತದೆ. ಟ್ಯಾಂಕ್ ಪ್ರಿಂಟರ್‌ನ ಮೊದಲ ಬಾಟಲಿಗಳಲ್ಲಿ ಒಂದಿಷ್ಟು ಇಂಕು ಪೈಪು ತುಂಬಲಿಕ್ಕೇ ಬೇಕು. ವೇಗದ ಅಂಕಿಯಲ್ಲೂ ಅಷ್ಟೇ: ಡ್ರಾಫ್ಟ್ (ತೆಳುವಾಗಿ, ಬೇಗ ಮುದ್ರಿಸುವ) ವೇಗ ಬಿಟ್ಟು, ಐಪಿಎಂ, ಅಂದರೆ ನಿಮಿಷಕ್ಕೆ ಇಷ್ಟು ಇಮೇಜ್ ಎಂದು ಬರೆದಿರುವುದನ್ನು ನೋಡಿ.

ಬಿಸಿಲು, ಧೂಳು, ಹೆಡ್

ಇಂಕು ಹೊರಬರುವ ತೂತು ಕೂದಲೆಳೆಗಿಂತ ಸಣ್ಣದು. ಅದು ಒಣಗಿ ಕಟ್ಟಿಕೊಂಡರೆ ಅಕ್ಷರದ ನಡುವೆ ಬಿಳಿ ಗೆರೆ ಬೀಳುತ್ತದೆ. ಎಷ್ಟೋ ಇಂಕ್‌ಜೆಟ್‌ಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣಾಂಶದ ಮಿತಿ 35 ಡಿಗ್ರಿ ಸೆಲ್ಸಿಯಸ್. ಕೆಲವಕ್ಕೆ 40. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಹಾಗಾಗಿ ಕೈಪಿಡಿಯಲ್ಲಿ ಆ ಸಾಲು ಹುಡುಕಿ. ಮನೆಯಲ್ಲಿ ಕಿಟಕಿ ಪಕ್ಕ, ತಗಡಿನ ಕೆಳಗೆ, ಕೂಲರಿನ ಗಾಳಿಗೆ ನೇರವಾಗಿ ಇಡಬೇಡಿ.

ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. "ಅಣ್ಣಾರ, ಇದರ ಹೆಡ್ ನಾವೇ ಬದಲಿಸಬಹುದೇನ್ರಿ?" ಎಂಬುದು ಒಂದು. ಕ್ಲೀನಿಂಗ್‌ನಲ್ಲಿ ಹೊರಬಿದ್ದ ಇಂಕು ಎಲ್ಲಿ ಸೇರುತ್ತದೆ ಎಂಬುದು ಇನ್ನೊಂದು. ಕೆಲವು ಮಾದರಿಗಳಲ್ಲಿ ಅದಕ್ಕೊಂದು ಮೇಂಟೆನೆನ್ಸ್ ಬಾಕ್ಸ್ ಇರುತ್ತದೆ, ತುಂಬಿದಾಗ ಹೊಸದು ಹಾಕಿದರಾಯಿತು. ಆ ಇಂಕು ಹೀರುವ ಪ್ಯಾಡ್ ಒಳಗೇ ಇರುವ ಯಂತ್ರ, ಪ್ಯಾಡ್ ತುಂಬಿದ ದಿನ ನಿಂತುಬಿಡುತ್ತದೆ. ಆಮೇಲೆ ಸರ್ವಿಸ್ ಸೆಂಟರಿಗೇ ಒಯ್ಯಬೇಕು.

ಅಂಗಡಿಯಲ್ಲೇ ಪ್ರಿಂಟ್ ತೆಗೆಸಿ

ಪರೀಕ್ಷೆಯ ಹಾಳೆ ನಿಮ್ಮದೇ ಇರಲಿ. ಸಣ್ಣ ಅಕ್ಷರದಲ್ಲಿ ಒಂದಿಷ್ಟು ಕನ್ನಡ, ನಾಲ್ಕು ಸಾಲು ಉರ್ದು, ಒಂದು ಫೋಟೊ ಇರುವ ಪುಟವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಮನೆಯಲ್ಲಿ ಬಳಸುವ ಕಾಗದದ ನಾಲ್ಕು ಹಾಳೆಯನ್ನೂ ಒಯ್ಯಿರಿ. ಮೊದಲು ಎಲ್ಲ ತೂತಿನಿಂದಲೂ ಇಂಕು ಬರುತ್ತಿದೆಯೇ ಎಂದು ತೋರಿಸುವ ನೋಝಲ್ ಚೆಕ್ ತೆಗೆಸಿ, ಗೆರೆ ಎಲ್ಲೂ ತುಂಡಾಗಿರಬಾರದು. ಆಮೇಲೆ ನಿಮ್ಮ ಪುಟ. "ಲಕ್ಷ್ಮಿ" ಎಂಬ ಪದದ ಒತ್ತಕ್ಷರಗಳ ಸಂದು ನೋಡಿ. ಇಂಕು ಹರಡಿ ಸಂದು ಮುಚ್ಚಿದ್ದರೆ ಪಹಣಿಯಲ್ಲಿ ಹೆಸರು ಓದಲಾಗದು. ಉರ್ದುವಿನಲ್ಲಿ ಚುಕ್ಕೆಗಳು ಒಂದಕ್ಕೊಂದು ಅಂಟಿದರೆ ಅಕ್ಷರವೇ ಬದಲಾದಂತೆ ಕಾಣುತ್ತದೆ. ಇಂಗ್ಲಿಷ್ ಪುಟ ಒಂದನ್ನೇ ನೋಡಿದರೆ ಈ ದೋಷ ತಿಳಿಯುವುದಿಲ್ಲ.

ಹಾಳೆ ಚೆನ್ನಾಗಿ ಒಣಗಿದ ಮೇಲೆ ಕಪ್ಪು ಅಕ್ಷರದ ಮೇಲೆ ಒಂದು ಹನಿ ನೀರು ಬಿಡಿ. ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವ) ಇಂಕು ಅಷ್ಟಾಗಿ ಕದಲುವುದಿಲ್ಲ. ಡೈ (ಬಣ್ಣ ಕರಗಿರುವ) ಇಂಕು ಹರಡುತ್ತದೆ. ಕಾಗದಪತ್ರ ಕೊಟ್ಟು ಬರುವ ಕೆಲಸ ಜಾಸ್ತಿ ಇದ್ದರೆ ಕಪ್ಪು ಇಂಕು ಪಿಗ್ಮೆಂಟ್ ಇರುವ ಮಾದರಿಯೇ ಸರಿ.

ಸ್ಕ್ಯಾನರ್‌ಗೆ ಬಂದರೆ, ಕಾಗದಪತ್ರಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಸಾಕು. ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಪುಟಕ್ಕೆ ತರುವ ಐಡಿ ಕಾಪಿ ಬಟನ್ ಇದೆಯಾ ನೋಡಿ, ದಿನವೂ ಬೇಕಾಗುತ್ತದೆ. ವಕೀಲರು ಗಮನಿಸಿ: ಲೀಗಲ್ ಹಾಳೆಯ ಉದ್ದ 356 ಮಿ.ಮೀ., ಎ4 ಹಾಳೆಯದು 297. ಎ4 ಗಾಜಿನ ಮೇಲೆ ಲೀಗಲ್ ಹಾಳೆ ಪೂರ್ತಿ ಕೂರುವುದಿಲ್ಲ. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಎಡಿಎಫ್ ಇರಬೇಕು, ಅದು ಲೀಗಲ್ ಅಳತೆಯನ್ನು ತೆಗೆದುಕೊಳ್ಳುತ್ತದೆಯೇ ಎಂದೂ ಕೇಳಿ. ಫ್ಯಾಕ್ಸ್‌ಗೆಂದು ದುಡ್ಡು ಹಾಕಬೇಡಿ.

ವೈಫೈ

ಎಷ್ಟೋ ಮಾದರಿಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ನಿಮ್ಮ ರೌಟರ್ 5 ಗಿಗಾಹರ್ಟ್ಸ್ ಒಂದನ್ನೇ ಬಿಡುತ್ತಿದ್ದರೆ ಪ್ರಿಂಟರ್‌ಗೆ ಅದು ಕಾಣುವುದೇ ಇಲ್ಲ. ಹಳೆಯ ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಸಿಗ್ನಲ್ ಇನ್ನೂ ಕುಗ್ಗುತ್ತದೆ. ಪ್ರಿಂಟರ್ ಇಡುವ ಕೋಣೆಯಲ್ಲಿ ಫೋನ್ ಹಿಡಿದು ಮೊದಲೇ ನೋಡಿಕೊಳ್ಳಿ. ರೌಟರ್ ಇಲ್ಲದೆಯೂ ಫೋನಿನಿಂದ ಮುದ್ರಿಸಲು ವೈಫೈ ಡೈರೆಕ್ಟ್ ಇದ್ದರೆ ಒಳ್ಳೆಯದು. ಮನೆಗೆ ತಂದ ದಿನವೇ ರೌಟರ್ ಆಫ್ ಮಾಡಿ ಮತ್ತೆ ಹಚ್ಚಿ. ಪ್ರಿಂಟರ್ ತಾನಾಗಿ ಸೇರಿಕೊಳ್ಳಬೇಕು.

ಬಿಲ್ಲು ಕೈಗೆ ಬಂದ ಮೇಲೆ

ವಾರಂಟಿ ಎಷ್ಟೋ ಸಲ ಇಂತಿಷ್ಟು ವರ್ಷ ಅಥವಾ ಇಂತಿಷ್ಟು ಪುಟ, ಯಾವುದು ಮೊದಲೋ ಅದು ಎಂದಿರುತ್ತದೆ. ಬೇರೆ ಕಂಪನಿಯ ಇಂಕು ಹಾಕಿ ಹೆಡ್ ಕೆಟ್ಟರೆ ವಾರಂಟಿ ಸಿಗದೇ ಹೋಗಬಹುದು. ಸರ್ವಿಸ್ ಸೆಂಟರ್ ಕಲಬುರಗಿಯಲ್ಲೇ ಇದೆಯೋ, ಹೈದರಾಬಾದಿಗೆ ಕಳಿಸುತ್ತಾರೋ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಬಳಸುವಾಗ ಪ್ರಿಂಟರ್‌ನ ಬಟನ್‌ನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ, ಇಂಕು ಬೇಗ ಒಣಗುವುದಿಲ್ಲ. ಮುದ್ರಿಸುವಾಗಲೇ ಕರೆಂಟು ಹೋದರೆ ಹೆಡ್ ನಡುವೆಯೇ ನಿಲ್ಲುತ್ತದೆ. ಕರೆಂಟು ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಬಟನ್‌ನಿಂದ ಆಫ್ ಮಾಡಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವುದಿದ್ದರೆ, ವಾರಕ್ಕೊಂದು ಕಲರ್ ಪುಟ ತೆಗೆಯಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ.