ಎರಡು ಬೆಡ್ ಅದಲುಬದಲು ಮಾಡಿದ್ದು

ನಾನು ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಬಂದ ಮೇಲೆ ಬಿಪಿಎಲ್ ಕಾರ್ಡ್ ಇರುವವರಿಗೆ ದುಡ್ಡಿನ ಚಿಂತೆ ಒಂದಿಷ್ಟು ಇಳಿಯಿತು. ಆದರೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ 4 ಗಂಟೆ ಮಲಗುವುದು ತಪ್ಪಲ್ಲ. ವಯಸ್ಸಾದವರು ಹೇಗೋ ಮಾತಿಗೆ ಜನ ಹುಡುಕಿಕೊಳ್ಳುತ್ತಾರೆ. ಇಪ್ಪತ್ತರ ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಂಡು ಸೀಲಿಂಗ್ ನೋಡುತ್ತಾರೆ.

ನಮ್ಮಲ್ಲಿ ಅಂಥವರು ಇಬ್ಬರಿದ್ದರು. ಒಬ್ಬ ಬಿ.ಕಾಂ. ಅರ್ಧಕ್ಕೆ ಬಿಟ್ಟವನು, ಇನ್ನೊಬ್ಬ ಮೊಬೈಲ್ ರಿಪೇರಿಯವನು. "ಫ್ರೆಂಡ್ಸ್ ಯಾರೂ ಬರಲ್ವೇನೋ?" ಅಂದೆ. "ಬಂದ್ರೆ ಟೀ ಕುಡಿಯೋಣ ಬಾ ಅಂತಾರಣ್ಣ. ಬೇಡ ಅಂದ್ರೆ ಕಾರಣ ಹೇಳ್ಬೇಕು. ಈಗ ಕರೆಯೋದೇ ಬಿಟ್ಟಿದಾರೆ" ಅಂದ ಒಬ್ಬ. ಮೂತ್ರ ನಿಂತವರಿಗೆ ದಿನಕ್ಕೆ ಅರ್ಧ ಲೀಟರ್ ಆಸುಪಾಸು ನೀರು, ಅಷ್ಟೇ. ಟೀ, ಮಜ್ಜಿಗೆ, ಸಾರು ಎಲ್ಲ ಆ ಲೆಕ್ಕದಲ್ಲೇ. ಪೊಟ್ಯಾಸಿಯಂ ಜಾಸ್ತಿ ಅಂತ ಎಳನೀರೂ ಬೇಡ. ಇನ್ನು ಊರಹಬ್ಬಕ್ಕೆ ಹೋಗಿ ಏನು ಮಾಡೋದು ಹೇಳಿ.

ಮೊದಲು ವಾಟ್ಸ್ಯಾಪ್ ಗ್ರೂಪ್ ಮಾಡಿದೆ. ನಾಲ್ಕು ದಿನ ಗುಡ್ ಮಾರ್ನಿಂಗ್ ಚಿತ್ರ ಬಂದವು, ಆಮೇಲೆ ಒಬ್ಬರು ತೀರಿಕೊಂಡ ಸುದ್ದಿ. ಅಲ್ಲಿಗೆ ಎಲ್ಲ ಸುಮ್ಮನಾದರು. ಭಾನುವಾರ ಸೇರೋಣ ಅಂದೆ. ಒಬ್ಬನೂ ಬರಲಿಲ್ಲ. ಸೂಜಿ ಇಲ್ಲದ ದಿನ ಆಸ್ಪತ್ರೆ ಮುಖ ಯಾರಿಗೆ ಬೇಕು, ಅಲ್ವಾ?

ಕೊನೆಗೆ ಇಬ್ಬರನ್ನೂ ಮಧ್ಯಾಹ್ನದ ಶಿಫ್ಟ್‌ಗೆ ತಂದು ಅಕ್ಕಪಕ್ಕ ಹಾಕಿದೆ. ಆದರೂ ಮಾತಿಲ್ಲ. ಒಂದು ದಿನ ಖಾಲಿ ಬೆಡ್ ಮೇಲೆ ನಾನೇ ಒರಗಿ ನೋಡಿದೆ. ಮಧ್ಯೆ ಎರಡು ಮಷಿನ್ ನಿಂತಿವೆ, ಆ ಕಡೆಯವನ ಪಾದ ಬಿಟ್ಟು ಏನೂ ಕಾಣಲ್ಲ! ಫಿಸ್ಟುಲಾ, ಅಂದರೆ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ, ಯಾವ ಕೈಯಲ್ಲೋ ಆ ಕಡೆಗೆ ಮಷಿನ್ ಇಡುತ್ತೇವೆ. ಕಡಿಮೆ ಬಳಸುವ ಕೈಗೆ ಮಾಡುತ್ತಾರೆ, ಸಾಮಾನ್ಯವಾಗಿ ಎಡಗೈ. ರಿಪೇರಿ ಹುಡುಗ ಎಡಚ, ಅವನದು ಬಲಗೈ. ಬೆಡ್ ಅದಲುಬದಲು ಮಾಡಿದರೆ ಮಷಿನ್‌ಗಳು ಆಚೀಚೆ ಹೋಗುತ್ತವೆ, ಸೂಜಿ ಇಲ್ಲದ ಕೈಗಳು ಮಧ್ಯೆ ಬರುತ್ತವೆ. ಮಷಿನ್‌ಗೆ ಶುದ್ಧ ನೀರು ತರುವ ಆರ್‌ಒ ಪೈಪ್ ಸಾಲಲಿಲ್ಲ. ಅದನ್ನು ಉದ್ದ ಮಾಡಿಸಲು ಹತ್ತು ದಿನ ಓಡಾಡಿದೆ.

ಎರಡನೇ ವಾರ ಒಂದೇ ಫೋನ್‌ನಲ್ಲಿ ಲೂಡೋ ಶುರುವಾಯಿತು. ಆಮೇಲೆ ತೂಕದ ಪಂದ್ಯ. ಹೋದ ಸಲದ ಡಯಾಲಿಸಿಸ್ ಆದಮೇಲೆ ಯಾರ ಮೈಗೆ ನೀರು ಕಮ್ಮಿ ಏರಿ ತೂಕ ಕಮ್ಮಿ ಹೆಚ್ಚಿದೆಯೋ ಅವನು ಗೆದ್ದ ಹಾಗೆ. ಗೆಲ್ಲಬೇಕು ಅಂತ ಬಿ.ಕಾಂ. ಹುಡುಗ ಒಂದಿನ ಊಟ ಬಿಟ್ಟು ಬಂದ, ಬೈದೆ.

ಆಮೇಲೆ ಅವನಿಗೆ ಅಮ್ಮನ ಕಿಡ್ನಿ ಹೊಂದಿತು, ಕಸಿ ಮಾಡಿಸಿಕೊಳ್ಳಲು ಹೋದ. ಎಡಚ ಮತ್ತೆ ಇಯರ್‌ಫೋನ್ ಹಾಕಿಕೊಂಡ. ಇದನ್ನು ನಾನು ಯೋಚಿಸಿರಲೇ ಇಲ್ಲ. ಆ ಜಾಗಕ್ಕೆ ಬಂದ ಹೊಸ ಹುಡುಗ ಇಡೀ ತಿಂಗಳು ತುಟಿ ಬಿಚ್ಚಲಿಲ್ಲ. ಮೊನ್ನೆ ಸೂಜಿ ಹಾಕಿ ತಿರುಗುತ್ತಿದ್ದೆ. "ಲೋ, ಇವತ್ತು ಎಷ್ಟು ಏರಿಸ್ಕೊಂಡು ಬಂದೆ?" ಅಂತ ಎಡಚ ಕೇಳುತ್ತಿದ್ದ. "ಎರಡೂವರೆ ಕೆಜಿ" ಅಂದ ಹೊಸಬ, ಮೆಲ್ಲಗೆ.