ದೇವರ ಪೆಟ್ಟಿಗೆ ರೂಪಾಯಿಗೆ ಹುಣಸೆಹಣ್ಣು ಬೇಡ ಮಾರಾಯ್ರೇ

ಮಲ್ನಾಡಿನ ಹಳೇ ಮನೆಗಳಲ್ಲಿ ದೀಪಾವಳಿ ಲಕ್ಷ್ಮಿಪೂಜೆಗೆ ಅಂತಲೇ ದೇವರ ಪೆಟ್ಟಿಗೇಲಿ ಇಟ್ಟಿರೋ ವಿಕ್ಟೋರಿಯಾ ರಾಣಿ ರೂಪಾಯಿ ಒಂದೆರಡಾದ್ರೂ ಸಿಗ್ತಾವೆ. ವರ್ಷಾ ವರ್ಷ ಅರಿಶಿನ, ಕುಂಕುಮ, ದೀಪದೆಣ್ಣೆ ಮೆತ್ಕೊಂಡು ರಾಣಿ ಮುಖಾನೇ ಕಾಣದ ಹಾಗಾಗಿರುತ್ತೆ, ಹಬ್ಬದ ಹಿಂದಿನ ದಿನ ಯಾರೋ ಒಬ್ರು ದೀಪದ ಕಂಬ ತಿಕ್ಕುವಾಗ ಇದನ್ನೂ ಸೇರಿಸಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಫಳಫಳ ಅನ್ನಿಸಿಬಿಡ್ತಾರೆ. ಪೂಜೆಗೆ ಚೆಂದ, ಆದ್ರೆ ನಾಣ್ಯ ಕೂಡಿಸೋರು ಭೂತಗನ್ನಡಿ ಹಿಡಿದು ನೋಡಿದ್ರೆ ಬೂದಿ ಎಳೆದ ಗೀರುಗಳೇ ಮೊದ್ಲು ಕಾಣೋದು, ಆಮೇಲೆ ಹಳೇ ನಾಣ್ಯ ಅನ್ನೋ ಬೆಲೆ ಹೋಗಿ ಮಾತು ಬೆಳ್ಳಿ ತೂಕಕ್ಕೆ ಬಂದು ನಿಲ್ಲುತ್ತೆ: 11.66 ಗ್ರಾಂ, ಅದ್ರಲ್ಲಿ ಶೇ. 91.7 ಬೆಳ್ಳಿ.

ಹಾಗಾಗಿ ಕೈ ಹಾಕೋ ಮುಂಚೆ ನೋಡ್ಬೇಕಾದ್ದು ಒಂದೇ, ನಾಣ್ಯದ ಮೇಲಿರೋದು ಹೊರಗಿಂದ ಬಂದು ಅಂಟಿದ್ದಾ ಅಥವಾ ಲೋಹವೇ ಹಾಗೆ ಬದಲಾಗಿದ್ದಾ ಅಂತ. ಎಣ್ಣೆ, ಅರಿಶಿನ, ಸೆಲ್ಲೋಟೇಪಿನ ಗೋಂದು, ಪ್ಲಾಸ್ಟಿಕ್ ಪಾಕೆಟ್ಟಿಂದ ಇಳಿದ ಜಿಡ್ಡು, ಇವೆಲ್ಲ ಅಂಟಿದ್ದು, ಸಾಲ್ವೆಂಟಿಗೆ (ಕೊಳೆ ಕರಗಿಸೋ ದ್ರವಕ್ಕೆ) ಕರಗ್ತವೆ. ಬೆಳ್ಳಿ ಮೇಲಿನ ಕಪ್ಪು ಗಾಳೀಲಿರೋ ಗಂಧಕದ ಅಂಶ ಸೇರಿ ಆದದ್ದು, ಅದ್ರೊಳಗಿರೋದೂ ನಿಮ್ಮ ಬೆಳ್ಳಿಯೇ, ಅದನ್ನ ತೆಗೆದ್ರೆ ಬೆಳ್ಳೀನೂ ಹೋಗುತ್ತೆ. ತಾಮ್ರದ ಕಂದು ಬಣ್ಣವೂ ಅಷ್ಟೇ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆ ಕಾಸಿಗೆ ಆ ಕಂದೇ ಲಕ್ಷಣ, ಬಿಟ್ಟುಬಿಡಿ.

ಹಸಿರು ಕಂಡ್ರೆ ಮಾತ್ರ ಗೊಂದಲ ಆಗುತ್ತೆ, ಯಾಕಂದ್ರೆ ಹಸಿರು ಎರಡು ಥರ. ಒಂದು ಹಲ್ಲುಕಡ್ಡಿ ತಗೊಂಡು ಅಂಚಿನ ಹತ್ರ ಮೆಲ್ಲಗೆ ಮುಟ್ಟಿ ನೋಡಿ. ಕಡ್ಡಿ ತುದಿಗೆ ಅಂಟಂಟಾಗಿ ಎಳ್ಕೊಂಡು ಬಂದ್ರೆ ಅದು ಪಿವಿಸಿ ಜಿಡ್ಡು, ಅಂದ್ರೆ ಹೊಸ ರೇನ್‌ಕೋಟಿನ ಥರ ವಾಸ್ನೆ ಬರೋ ಮೆತ್ತನೆ ಪಾಕೆಟ್ ಆಲ್ಬಮ್ ಇರ್ತಾವಲ್ಲ, ಅದರ ಕೊಡುಗೆ. ಪ್ಲಾಸ್ಟಿಕ್ ಹಳತಾದ ಹಾಗೆ ಅದನ್ನ ಮೆತ್ತಗಿಡೋಕೆ ಹಾಕಿದ ಎಣ್ಣೆಯಂಥ ವಸ್ತುವೂ ಆಸಿಡ್ಡೂ ಹೊರಗೆ ಬಂದು ನಾಣ್ಯ ತಿನ್ನುತ್ತೆ, ಇದನ್ನ ತೆಗೀಲೇಬೇಕು. ಕಡ್ಡಿಗೆ ಗಟ್ಟಿಯಾಗಿ ತಾಗಿ ಪುಡಿ ಪುಡಿ ಬಂದ್ರೆ ಅದು ತಾಮ್ರದ ಕಿಲುಬು, ಸಾಲ್ವೆಂಟ್ ಅದಕ್ಕೆ ಏನೂ ಮಾಡಲ್ಲ.

ಸಾಲ್ವೆಂಟ್ ಅಂದ್ರೆ ಇಲ್ಲಿ ಅಸಿಟೋನ್. ಶಿವಮೊಗ್ಗದಂಥ ಊರಲ್ಲಿ ಕಾಲೇಜು ಲ್ಯಾಬಿಗೆ ಕೆಮಿಕಲ್ ಕೊಡೋ ಅಂಗಡೀಲಿ ಲ್ಯಾಬ್ ಗ್ರೇಡ್ ಬಾಟ್ಲಿ ಕೇಳಿ. ಉಗುರು ಬಣ್ಣ ತೆಗೆಯೋ ರಿಮೂವರ್ ಆಗಲ್ಲ, ಅದ್ರಲ್ಲಿ ಎಣ್ಣೆ, ಬಣ್ಣ, ಸೆಂಟು ಸೇರಿಸಿರ್ತಾರೆ, ಎಷ್ಟೋ ಬ್ರ್ಯಾಂಡಲ್ಲಿ ಅಸಿಟೋನೇ ಇರಲ್ಲ. ಜೊತೆಗೆ ಮುಚ್ಚಳ ಇರೋ ಎರಡು ಗಾಜಿನ ಬಾಟ್ಲಿ ಬೇಕು, ಪ್ಲಾಸ್ಟಿಕ್ ಡಬ್ಬಿ ಬೇಡ, ಕೆಲವು ಪ್ಲಾಸ್ಟಿಕ್ ಅದ್ರಲ್ಲೇ ಕರಗಿ ನಾಣ್ಯಕ್ಕೆ ಮೆತ್ಕೊಳ್ಳುತ್ತೆ. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿಗೆ ಅಂತ ಹೆಂಗೂ ಎಲ್ಲರ ಮನೇಲೂ ಇರುತ್ತೆ, ಕರೆಂಟಿನ ಕೃಪೆ, ಅದೇ ಸಾಕು (ಬ್ಯಾಟರಿ ಆಸಿಡ್ ಅಲ್ಲ, ಲೇಬಲ್ ಓದಿ).

ಈಗ ಎಲ್ಲಿ ಮಾಡೋದು ಅನ್ನೋದು, ಇದನ್ನ ದಯವಿಟ್ಟು ಹಾರಿಸ್ಬೇಡಿ. ಅಸಿಟೋನ್ ಆವಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಕಿಡಿ ಸಿಕ್ಕಿದ್ರೆ ಹೊತ್ಕೊಳ್ಳುತ್ತೆ, ಮತ್ತೆ ಗಾಳಿಗಿಂತ ಭಾರ ಇರೋದ್ರಿಂದ ನೆಲದ ಮೇಲೇ ಹರ್ಕೊಂಡು ಹೋಗುತ್ತೆ. ನಮ್ಮ ಕಡೆ ಬಚ್ಚಲೊಲೇಲಿ ಕೆಂಡ ಆರೋದೇ ಇಲ್ಲ, ನೀವು ಪಕ್ಕದ ಕೋಣೇಲಿ ಬಾಟ್ಲಿ ತೆಗೆದು ಕೂತಿದ್ರೆ ಆವಿ ಹೊಸ್ತಿಲು ದಾಟಿ ಹಂಡೆ ಒಲೆಗೆ ಹೋಗಿ ಮುಟ್ಟಬಹುದು. ಅಡುಗೆಮನೆ ಬೇಡ, ದೇವರ ಕೋಣೆ ಬೇಡ, ಗಾಳಿಯಾಡೋ ಜಗುಲಿ ಅಥವಾ ಅಂಗಳ, ಬೀಡಿ ಸೇದೋ ಭಾವನ್ನ ಒಂದು ಗಂಟೆ ತೋಟಕ್ಕೆ ಕಳ್ಸಿ. ಮೆಡಿಕಲ್ ಶಾಪಿನ ತೆಳು ಗ್ಲೌಸ್ ಅಸಿಟೋನಿಗೆ ಹೆಚ್ಚು ಹೊತ್ತು ತಡೆಯಲ್ಲ, ಒದ್ದೆ ಆದ ಕೂಡ್ಲೇ ಬದಲಾಯ್ಸಿ.

ಕಾಲವೂ ನೋಡ್ಕೊಳ್ಳಿ. ಅಸಿಟೋನ್ ಆರುವಾಗ ನಾಣ್ಯ ತಣ್ಣಗಾಗುತ್ತೆ, ಆಷಾಢದ ಮಳೇಲಿ ಆಗುಂಬೆ, ತೀರ್ಥಹಳ್ಳಿ ಕಡೆ ಗಾಳಿಯೇ ನೀರಾಗಿರುವಾಗ ಆ ತಣ್ಣನೆ ಲೋಹದ ಮೇಲೆ ಹನಿ ಕೂತು ಕಲೆ ಬೀಳಬಹುದು. ಶಿವರಾತ್ರಿ ಆಸುಪಾಸಿನ ಒಣ ಮಧ್ಯಾಹ್ನ ಒಳ್ಳೇದು.

ಮೊದಲು ಡಿಸ್ಟಿಲ್ಡ್ ವಾಟರಲ್ಲಿ ಒಂದರ್ಧ ಗಂಟೆ ನೆನೆಸಿ, ಧೂಳು, ಉಪ್ಪಿನಂಶ ಬಿಡುತ್ತೆ. ತೆಗೆದು ಹತ್ತಿ ಬಟ್ಟೆ ಮೇಲಿಟ್ಟು ಆರಲಿಕ್ಕೆ ಬಿಡಿ, ಒರೆಸೋಕೆ ಹೋಗ್ಬೇಡಿ. ಆಮೇಲೆ ಮೊದಲನೇ ಬಾಟ್ಲೀಲಿ ನಾಣ್ಯ ಮುಳುಗೋವಷ್ಟು ಅಸಿಟೋನ್ ಹಾಕಿ, ಅಂಚಲ್ಲಿ ಹಿಡಿದು ಮೆಲ್ಲಗೆ ಜಾರಿಸಿ, ಮುಚ್ಚಿ. ಒಂದು ಬಾಟ್ಲಿಗೆ ಒಂದೇ ನಾಣ್ಯ, ಎರಡು ಹಾಕಿದ್ರೆ ಒಂದಕ್ಕೊಂದು ತಾಗಿ ಗೀರು ಬೀಳುತ್ತೆ. ಪೂಜೆ ರೂಪಾಯಿ ಆದ್ರೆ ನೋಡೋಕೇ ಖುಷಿ, ಸ್ವಲ್ಪ ಹೊತ್ತಲ್ಲೇ ಅಕ್ಷರದ ಸಂದಿಂದ, ರಾಣಿ ಕಿರೀಟದ ಮಡಿಕೆಯಿಂದ ಹಳದಿ ನೂಲಿನ ಹಾಗೆ ಇಳಿದು ಬರುತ್ತೆ, ಅರಿಶಿನದ ಬಣ್ಣ ನೀರಿಗೆ ಜಗ್ಗದಿದ್ರೂ ಅಸಿಟೋನಲ್ಲಿ ಕರಗುತ್ತೆ. ಎಣ್ಣೆ, ಗೋಂದಿಗೆ ಹತ್ತು ಹದಿನೈದು ನಿಮಿಷ ಸಾಕಾಗಬಹುದು, ಪಿವಿಸಿ ಜಿಡ್ಡಿಗೆ ಕೆಲವು ಗಂಟೆ ಬೇಕಾಗುತ್ತೆ, ಮಧ್ಯೆ ಒಮ್ಮೆ ಹೊಸ ಅಸಿಟೋನ್ ಹಾಕಿ. ಬ್ರಷ್ ಇಲ್ಲ, ಉಜ್ಜೋದಿಲ್ಲ. ಇನ್ನೂ ಬಿಡದಿದ್ರೆ ಮತ್ತೆ ನೆನೆಸಿ ಅಷ್ಟೇ.

ಕೊನೇಲಿ ಎರಡನೇ ಬಾಟ್ಲಿಯ ಹೊಸ ಅಸಿಟೋನಲ್ಲಿ ಒಂದು ಮುಳುಗು ಹಾಕಿಸ್ಲೇಬೇಕು, ಇದನ್ನ ಬಿಟ್ರೆ ಮೊದಲನೇದ್ರಲ್ಲಿ ಕರಗಿದ ಕೊಳೆಯೇ ಆರುವಾಗ ತೆಳ್ಳಗೆ ಪದರ ಕಟ್ಟುತ್ತೆ. ಬಟ್ಟೆ ಮೇಲಿಟ್ರೆ ನಿಮಿಷದಲ್ಲಿ ಆರುತ್ತೆ. ಒಂದು ಮಾತು, ಜಿಡ್ಡು ಹೋದ ಜಾಗದಲ್ಲಿ ಕೆಳಗಿನ ಲೋಹ ಗುಳಿ ಬಿದ್ದಿರೋದು ಕಾಣಬಹುದು, ಅದು ಅಸಿಟೋನ್ ಮಾಡಿದ್ದಲ್ಲ, ಪಾಕೆಟ್ ತಿಂದಿದ್ದು.

ಬಣ್ಣ ಹಚ್ಚಿದ ಸ್ಮಾರಕ ನಾಣ್ಯ, ನೋಟುಗಳಿಗೆ ಇದ್ಯಾವುದೂ ಬೇಡ. ತೋಟ ಅಗೀವಾಗ ಸಿಕ್ಕಿದ ಇಕ್ಕೇರಿ ವರಹನೋ (ಕೆಳದಿ ಅರಸರ ಚಿನ್ನದ ನಾಣ್ಯ) ನಗರ ಅಂದ್ರೆ ಹಳೇ ಬಿದನೂರಿನ ಟಂಕಸಾಲೆಯ ಟಿಪ್ಪು ಕಾಲದ ಕಾಸೋ ಆದ್ರೆ ತೊಳೆಯೋ ಯೋಚನೇನೂ ಬೇಡ, ಮಣ್ಣಲ್ಲಿ ಸಿಕ್ಕ ನಿಧಿ ಅಂದ್ರೆ ಸರ್ಕಾರಕ್ಕೆ ತಿಳಿಸ್ಬೇಕು ಅಂತ ಕಾನೂನೇ ಇದೆ, ಮಣ್ಣಿನ ಸಮೇತ ಹಾಗೇ ಇಟ್ಟು ಜಿಲ್ಲಾಧಿಕಾರಿ ಆಫೀಸಿಗೆ ತಿಳಿಸಿ.

ಉಳಿದ ಅಸಿಟೋನ್ ಸಿಂಕಿಗೆ ಸುರೀಬೇಡಿ, ಪಿವಿಸಿ ಪೈಪ್ ಮೆತ್ತಗಾಗುತ್ತೆ, ಬಾವಿ ಕಡೆ, ಹಳ್ಳದ ಕಡೆಗಂತೂ ಬೇಡ್ವೇ ಬೇಡ. ಅಗಲ ಗಾಜಿನ ಬಟ್ಟಲಲ್ಲಿ ಮಕ್ಕಳು, ನಾಯಿ ಬಾರದ ಕಡೆ ಬಯಲಲ್ಲಿ ಇಟ್ರೆ ಅಷ್ಟು ಸ್ವಲ್ಪ ಹಾಗೇ ಆರಿಹೋಗುತ್ತೆ. ತೊಳೆದ ನಾಣ್ಯ ತಿರುಗಿ ಅದೇ ಆಲ್ಬಮ್ಮಿಗೆ ಹಾಕಿದ್ರೆ ಮಾಡಿದ್ದೆಲ್ಲ ದಂಡ, ಪಿವಿಸಿ ಇಲ್ಲದ ಮೈಲಾರ್ (ಒಂಥರ ಪಾಲಿಯೆಸ್ಟರ್ ಹಾಳೆ) ಹೋಲ್ಡರ್ ತರಿಸ್ಕೊಳ್ಳಿ, ರಬ್ಬರ್ ಬ್ಯಾಂಡ್ ಹಾಕ್ಬೇಡಿ (ಅದ್ರಲ್ಲೂ ಗಂಧಕ ಇದೆ), ಗಾಳಿಯಾಡದ ಡಬ್ಬೀಲಿ ತೇವ ಹೀರೋ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ ಜೆಲ್ ಬಣ್ಣ ತಿರುಗಿದ್ರೆ ಬದಲಾಯಿಸಿ.